ಫಿಟ್ಸ್ ಮಾತ್ರೆ ಆರಿಸುವಾಗ: ಯಾವುದು ಮೆದುಳಿಗೆ, ನರಕ್ಕೆ ಏನು ಮಾಡುತ್ತದೆ?

ಫಿಟ್ಸ್‌ಗೆ ಇವತ್ತು ಇಪ್ಪತ್ತಕ್ಕೂ ಹೆಚ್ಚು ಔಷಧಗಳಿವೆ. ಮೆದುಳಿನ ಒಂದು ಭಾಗದಿಂದ ಶುರುವಾಗುವ ಫಿಟ್ಸ್ ಆದರೆ, ಅದನ್ನು ತಡೆಯುವ ಶಕ್ತಿಯಲ್ಲಿ ಇವುಗಳ ನಡುವೆ ಅಂಥಾ ದೊಡ್ಡ ಅಂತರ ಇಲ್ಲ. ಅಂತರ ಎದ್ದು ಕಾಣುವುದು ಅವು ಕೊಡುವ ತೊಂದರೆಯಲ್ಲಿ. ಒಂದು ಮಾತ್ರೆ ತಗೊಂಡರೆ ಎಲ್ಲ ಎರಡೆರಡಾಗಿ ಕಾಣುತ್ತದೆ. ಇನ್ನೊಂದರಿಂದ ಮೂಗಿನ ತುದಿಯಲ್ಲೇ ಸಿಟ್ಟು. ಮತ್ತೊಂದರಿಂದ ಕೈ ನಡುಕ. ಮಗದೊಂದರಿಂದ ಬಾಯಿಗೆ ಮಾತೇ ಬರುವುದಿಲ್ಲ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಫಿಟ್ಸ್ ಅಂದರೆ ಮೆದುಳಿನ ನರಕೋಶಗಳು ಒಟ್ಟಿಗೆ, ಅತಿಯಾಗಿ ಕೆರಳುವುದು. ಔಷಧ ಆ ಕೆರಳುವಿಕೆಯನ್ನು ತಗ್ಗಿಸುತ್ತದೆ. ಆದರೆ ಕೆಟ್ಟ ಕೋಶ ಯಾವುದು, ಒಳ್ಳೆಯ ಕೋಶ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಡೆಯಲು, ಓದಲು, ನೆನಪಿಡಲು ಬೇಕಾದ ಕೋಶಗಳನ್ನೂ ಅದು ಸ್ವಲ್ಪ ತಣ್ಣಗಾಗಿಸುತ್ತದೆ. ಯಾವ ಕೋಶಗಳನ್ನು ಎಷ್ಟು ಅನ್ನುವುದರ ಮೇಲೆ ಒಂದೊಂದು ಮಾತ್ರೆಯ ಗುಣ ನಿಂತಿದೆ.

ಈ ಬರಹ ಇರುವುದು ಡಾಕ್ಟರ ಮುಂದೆ ಕೂತು ಮಾತಾಡುವ ರೋಗಿಗೆ ಮತ್ತು ಮನೆಯವರಿಗೆ. ಓದಿದ ಮೇಲೆ ಮಾತ್ರೆಯನ್ನು ನೀವೇ ಬದಲಾಯಿಸಬೇಡಿ, ನಿಲ್ಲಿಸಲೂ ಬೇಡಿ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬರಬಹುದು, ಪ್ರಾಣಕ್ಕೇ ಅಪಾಯ ಆಗಬಹುದು. ಆದರೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲೇಬೇಕು.

ಮೊದಲು ಫಿಟ್ಸ್ ಯಾವ ಬಗೆ ಅಂತ ತಿಳಿಯಬೇಕು

ತೊಂದರೆಗಳನ್ನು ಹೋಲಿಸುವ ಮೊದಲೇ ಒಂದು ಸೋಸುವಿಕೆ ಆಗಬೇಕು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್ ಇವು ಒಂದು ಭಾಗದಿಂದ ಶುರುವಾಗುವ ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಮಗು ಕೆಲವು ಸೆಕೆಂಡ್ ಸುಮ್ಮನೆ ದಿಟ್ಟಿಸಿ ನಿಂತುಬಿಡುವ ಅಬ್ಸೆನ್ಸ್ ಫಿಟ್ಸ್, ಬೆಳಿಗ್ಗೆ ಎದ್ದಾಗ ಕೈ ಫಕ್ಕನೆ ಎಗರಿ ಹಿಡಿದದ್ದು ಬಿದ್ದುಹೋಗುವ ಮಯೋಕ್ಲೋನಿಕ್ ಫಿಟ್ಸ್, ಇವೆರಡನ್ನೂ ಇವೇ ಮಾತ್ರೆಗಳು ಜಾಸ್ತಿ ಮಾಡಬಲ್ಲವು. ಅಲ್ಲಿ ಜನರಿಗೆ "ಮಾತ್ರೆ ಸಾಕಾಗುತ್ತಿಲ್ಲ" ಅನ್ನಿಸುತ್ತದೆ, ಡೋಸ್ ಏರಿಸುತ್ತಾರೆ, ಕಾಯಿಲೆ ಇನ್ನೂ ಹದಗೆಡುತ್ತದೆ. ಬೆಳಗಿನ ಕೈ ಎಗರುವಿಕೆಯನ್ನು ರೋಗಿಗಳು ತಾವಾಗಿ ಹೇಳುವುದು ಕಡಿಮೆ. ಅದು ಕಾಯಿಲೆ ಅಂತಲೇ ಅನ್ನಿಸಿರುವುದಿಲ್ಲ. ಹಾಗಾಗಿ ಡಾಕ್ಟರು ಕೇಳದಿದ್ದರೂ ಹೇಳಿ. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ತೊಂದರೆಯಲ್ಲೂ ಬಗೆಗಳಿವೆ

ಕೆಲವು ತೊಂದರೆ ಡೋಸಿಗೆ ಅಂಟಿಕೊಂಡಿರುತ್ತವೆ. ತಲೆಸುತ್ತು, ತೂಕಡಿಕೆ, ಎರಡೆರಡು ಕಾಣುವುದು, ತೂರಾಡುವ ನಡಿಗೆ, ಕೈ ನಡುಕ ಈ ಗುಂಪಿನವು. ಡೋಸ್ ಇಳಿಸಿದರೆ ಇಳಿಯುತ್ತವೆ. ಇವು ಕಷ್ಟ ಕೊಟ್ಟರೂ ಹೆದರಬೇಕಾದವಲ್ಲ, ಏಕೆಂದರೆ ಕಣ್ಣಿಗೆ ಕಾಣುತ್ತವೆ, ಸರಿಪಡಿಸಬಹುದು.

ಇನ್ನು ಕೆಲವು ಆ ವ್ಯಕ್ತಿಯ ಸ್ವಭಾವ, ಹಿಂದಿನ ಮನಸ್ಸಿನ ಕಾಯಿಲೆ ಇವುಗಳ ಜೊತೆ ಸೇರಿ ಬರುತ್ತವೆ. ಕೋಪ, ಖಿನ್ನತೆ, ಆತಂಕ ಇಲ್ಲಿಗೆ ಸೇರುತ್ತವೆ. ಚಿಕ್ಕ ಡೋಸಿಗೂ ಬರಬಹುದು.

ಮೂರನೆಯ ಗುಂಪು ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸುವಂಥದ್ದು. ಇವು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ಯೋಚನೆ ನಿಧಾನ ಆಗುವುದು, ಕಿರುಮೆದುಳು ಕುಗ್ಗುವುದು, ಕಾಲಿನ ನರಗಳ ಸ್ಪರ್ಶ ಮಂದವಾಗುವುದು, ಕಣ್ಣಿನ ಅಂಚಿನ ನೋಟ ಹೋಗುವುದು. ರೋಗಿ ಅದಕ್ಕೆ ಒಗ್ಗಿಹೋಗಿರುತ್ತಾನೆ. ಮನೆಯವರು "ಅವನು ಮೊದಲಿಂದಲೂ ಸ್ವಲ್ಪ ಮಂದ" ಅಂದುಕೊಂಡಿರುತ್ತಾರೆ. ಮಾತ್ರೆ ಬದಲಾದ ಮೇಲೆ ಚುರುಕಾದಾಗಲೇ ಗೊತ್ತಾಗುವುದು, ಅದು ಮಾತ್ರೆಯ ಕೆಲಸ ಆಗಿತ್ತು ಅಂತ.

ಫೆನಿಟಾಯಿನ್: ಲೆಕ್ಕ ತಪ್ಪಿಸುವ ಮಾತ್ರೆ

1938ರಲ್ಲಿ ಅಮೆರಿಕದ ಡಾಕ್ಟರುಗಳಾದ ಮೆರಿಟ್ ಮತ್ತು ಪುಟ್ನಮ್ ಇದರ ಗುಣವನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಫಿಟ್ಸ್ ನಿಲ್ಲಬೇಕಾದರೆ ನಿದ್ದೆಗಣ್ಣಲ್ಲೇ ಇರಬೇಕು ಅನ್ನುವ ಸ್ಥಿತಿ ಇತ್ತು. ಫೆನಿಟಾಯಿನ್ ಆ ನಂಬಿಕೆಯನ್ನು ಮುರಿಯಿತು. ಈಗಲೂ ಅಗ್ಗ, ಈಗಲೂ ಪರಿಣಾಮಕಾರಿ. ನಿಲ್ಲದ ಫಿಟ್ಸ್‌ಗೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಔಷಧಗಳಲ್ಲಿ ಇದಕ್ಕೆ ಜಾಗ ಇದ್ದೇ ಇದೆ. ಆದರೆ ಜೀವನಪೂರ್ತಿ ತಗೊಳ್ಳುವ ಮೊದಲ ಆಯ್ಕೆಯಾಗಿ, ಬೇರೆ ಸಿಗುವಾಗ, ಇದನ್ನು ನಾನು ಮುಂದಿಡುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಹೆಚ್ಚಿನ ಔಷಧಗಳಲ್ಲಿ ಡೋಸ್ ಎರಡು ಪಟ್ಟಾದರೆ ರಕ್ತದ ಮಟ್ಟವೂ ಸುಮಾರು ಎರಡು ಪಟ್ಟಾಗುತ್ತದೆ. ಫೆನಿಟಾಯಿನ್ ಹಾಗಲ್ಲ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವಕ್ಕೆ ಒಂದು ಮಿತಿ ಇದೆ. ಸಣ್ಣ ತೂತಿನ ತೊಟ್ಟಿಗೆ ನೀರು ಬಿಟ್ಟ ಹಾಗೆ: ತೂತು ಹೊರಹಾಕುವಷ್ಟು ಬರುವವರೆಗೆ ಏನೂ ಇಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೂ ಮಟ್ಟ ಏರುತ್ತಲೇ ಹೋಗುತ್ತದೆ. ದಿನಕ್ಕೆ ಹೆಚ್ಚೆಂದರೆ 450 ಮಿಲಿಗ್ರಾಂ ಕರಗಿಸಬಲ್ಲ ಒಂದು ದೇಹವನ್ನು ಲೆಕ್ಕಕ್ಕೆ ತಗೊಳ್ಳಿ. 300 ಮಿಲಿಗ್ರಾಂ ಕೊಟ್ಟಾಗ ರಕ್ತದ ಮಟ್ಟ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇದೆ ಅನ್ನೋಣ. 350ಕ್ಕೆ ಏರಿಸಿದರೆ ಮಟ್ಟ 17.5 ಆಗುತ್ತದೆ. ಇನ್ನೊಂದು 50 ಸೇರಿಸಿ 400 ಮಾಡಿದರೆ? 25 ಅಲ್ಲ, 40. ಇರಬೇಕಾದ ಮಟ್ಟ 10ರಿಂದ 20.

20 ದಾಟಿದಾಗ ಪಕ್ಕಕ್ಕೆ ನೋಡಿದರೆ ಕಣ್ಣುಗುಡ್ಡೆ ಅದುರುತ್ತದೆ. 30 ದಾಟಿದರೆ ಹೆಜ್ಜೆ ಅಗಲ ಮಾಡಿ ತೂರಾಡುತ್ತಾ ನಡೆಯುತ್ತಾರೆ, ಮಾತು ತೊದಲುತ್ತದೆ. 40ರ ಮೇಲೆ ಮಂಪರು, ಗೊಂದಲ. ನೋಡಿದವರಿಗೆ ಕುಡಿದು ಬಂದ ಹಾಗೆ ಕಾಣುತ್ತದೆ. ತುಂಬಾ ಮೇಲಿನ ಮಟ್ಟದಲ್ಲಿ ಫಿಟ್ಸ್ ಕೂಡ ಬರಬಹುದು, ಅಲ್ಲಿಗೆ ಯಾರಾದರೂ ಇನ್ನಷ್ಟು ಕೊಟ್ಟರೆ ಅನಾಹುತವೇ. ಇನ್ನೊಂದು ಕಷ್ಟ: ಮಟ್ಟ ಮೇಲಿದ್ದಾಗ ಅದು ಹೊಸ ಹಂತಕ್ಕೆ ಬಂದು ನಿಲ್ಲಲು ವಾರಗಳೇ ಹಿಡಿಯಬಹುದು. ಡೋಸ್ ಏರಿಸಿದ ನಾಲ್ಕನೇ ದಿನ ಚೆನ್ನಾಗಿದ್ದವರು ಮೂರನೇ ವಾರ ಬೀಳಬಹುದು.

ರಕ್ತದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ ಇದ್ದವರಲ್ಲಿ ಲೆಕ್ಕ ಇನ್ನೊಂದು ರೀತಿ ತಪ್ಪುತ್ತದೆ. ಫೆನಿಟಾಯಿನ್‌ನ ನೂರಕ್ಕೆ ಸುಮಾರು ತೊಂಬತ್ತು ಭಾಗ ಈ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೆದುಳಿಗೆ ಹೋಗುವುದು ಅಂಟದೇ ಉಳಿದ ಭಾಗ. ಅಪೌಷ್ಟಿಕತೆ, ಯಕೃತ್ತಿನ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರ ವರದಿಯಲ್ಲಿ 14 ಅಂತ ಇದ್ದರೂ ಮೆದುಳಿಗೆ ವಿಷ ಏರಿರಬಹುದು. ಅಂಥವರಲ್ಲಿ ವರದಿಯ ಸಂಖ್ಯೆಗಿಂತ ನಡಿಗೆಯನ್ನು ನಂಬಿ.

1968ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಫೆನಿಟಾಯಿನ್ ಕ್ಯಾಪ್ಸೂಲ್‌ನಲ್ಲಿ ಔಷಧದ ಜೊತೆ ತುಂಬುವ ಪುಡಿಯನ್ನು ಬದಲಾಯಿಸಿದರು. ಕ್ಯಾಲ್ಸಿಯಂ ಸಲ್ಫೇಟ್ ಇದ್ದ ಜಾಗಕ್ಕೆ ಲ್ಯಾಕ್ಟೋಸ್ ಬಂತು. ಔಷಧದ ಪ್ರಮಾಣ ಅಷ್ಟೇ. ಆದರೆ ಲ್ಯಾಕ್ಟೋಸ್ ಇದ್ದಾಗ ಮೈಗೆ ಹತ್ತುವುದು ಜಾಸ್ತಿ. ವರ್ಷಗಟ್ಟಲೆ ಚೆನ್ನಾಗಿದ್ದ ರೋಗಿಗಳು ತೂರಾಡಲು ಶುರುಮಾಡಿದರು. ಹಾಗಾಗಿ ಒಂದು ಕಂಪನಿಯ ಫೆನಿಟಾಯಿನ್ ಒಗ್ಗಿದ್ದರೆ ಅದನ್ನೇ ಹಿಡಿದುಕೊಳ್ಳಿ. ಮೆಡಿಕಲ್ ಅಂಗಡಿಯವರು "ಎರಡೂ ಒಂದೇ" ಅಂತ ಬೇರೆ ಕಂಪನಿಯದು ಕೊಟ್ಟರೆ, ಡಾಕ್ಟರಿಗೆ ತಿಳಿಸದೆ ಒಪ್ಪಿಕೊಳ್ಳಬೇಡಿ.

ವರ್ಷಗಳ ಬಳಕೆಯಲ್ಲಿ, ಅದರಲ್ಲೂ ಮಟ್ಟ ಮತ್ತೆ ಮತ್ತೆ ಮೇಲೇರಿದವರಲ್ಲಿ, ನಡಿಗೆಯ ಹಿಡಿತ ಕಾಯುವ ಕಿರುಮೆದುಳು ಕುಗ್ಗಬಹುದು. ಪದೇ ಪದೇ ಬರುವ ಫಿಟ್ಸ್‌ಗೂ ಇದರಲ್ಲಿ ಪಾಲಿದೆ, ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟಲಾಗದು. ಆದರೆ ಒಮ್ಮೆ ಕುಗ್ಗಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಪಾದದ ನರಗಳು ಮಂದವಾಗುವುದೂ ಉಂಟು. ವಸಡು ಊದುವುದು ಎಲ್ಲರಿಗೂ ಗೊತ್ತು, ಆದರೆ ಅದು ಕಣ್ಣಿಗೆ ಕಾಣುವಂಥದ್ದು. ಕಾಣದ್ದೇ ದೊಡ್ಡದು.

ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಕೋಸಮೈಡ್

ಈ ಮೂರೂ ಫೆನಿಟಾಯಿನ್ ಹಾಗೆಯೇ ನರಕೋಶದೊಳಗೆ ಸೋಡಿಯಂ ನುಗ್ಗುವ ದ್ವಾರವನ್ನು ಹಿಡಿದು ಕೆಲಸ ಮಾಡುತ್ತವೆ. ಹಾಗಾಗಿ ತೊಂದರೆಯೂ ಒಂದೇ ಮನೆತನದ್ದು: ಎರಡೆರಡು ಕಾಣುವುದು, ತಲೆಸುತ್ತು, ತೂರಾಟ, ವಾಕರಿಕೆ.

ಕಾರ್ಬಮಜೆಪಿನ್ ವಿಷಯದಲ್ಲಿ ಗಡಿಯಾರ ನೋಡುವುದು ತುಂಬಾ ಉಪಯೋಗ. ಬೆಳಿಗ್ಗೆ ಮಾತ್ರೆ ನುಂಗಿದ ಕೆಲವು ಗಂಟೆಯ ಮೇಲೆ ಅಕ್ಷರ ಎರಡಾಗಿ ಕಂಡು, ಮಧ್ಯಾಹ್ನ ತಾನಾಗಿ ಸರಿಯಾಗುತ್ತದೆ ಅಂದರೆ ರಕ್ತದ ಮಟ್ಟ ಆ ಹೊತ್ತಿಗೆ ತುದಿ ಮುಟ್ಟುತ್ತಿದೆ ಅಂತ ಅರ್ಥ. ಮಾತ್ರೆಯನ್ನೇ ಬಿಡಬೇಕಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಬಗೆಗೆ ಬದಲಾಯಿಸಿದರೆ ಅಥವಾ ಅದೇ ಡೋಸನ್ನು ಹೆಚ್ಚು ಸಲ ಹಂಚಿ ಕೊಟ್ಟರೆ ಎಷ್ಟೋ ಜನರಿಗೆ ಸರಿಹೋಗುತ್ತದೆ. ಒಂದು ವಾರ ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ತೊಂದರೆ ಅಂತ ಬರೆದುಕೊಂಡು ಹೋಗಿ. ಆ ಒಂದು ಹಾಳೆ ಅರ್ಧ ಉತ್ತರ ಕೊಟ್ಟುಬಿಡುತ್ತದೆ.

ಇದಕ್ಕೆ ಇನ್ನೊಂದು ವಿಚಿತ್ರ ಗುಣ ಇದೆ. ತನ್ನನ್ನು ಕರಗಿಸುವ ಕಿಣ್ವವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಮೊದಲ 3ರಿಂದ 5 ವಾರಗಳಲ್ಲಿ ಅದೇ ಡೋಸಿಗೆ ಮಟ್ಟ ಇಳಿಯುತ್ತಾ ಬರುತ್ತದೆ. ಶುರುವಿನ ತಲೆಸುತ್ತು ಬರಬರುತ್ತಾ ಕಡಿಮೆ ಆಗಲು ಇದೂ ಒಂದು ಕಾರಣ. ಮೊದಲ ವಾರವೇ ಪೂರ್ತಿ ಡೋಸ್ ಕೊಟ್ಟರೆ ರೋಗಿ ಬಸವಳಿದು ಮಾತ್ರೆ ಬಿಟ್ಟುಬಿಡುತ್ತಾನೆ. ಚಿಕ್ಕದರಿಂದ ಶುರುಮಾಡಿ ಏರಿಸಬೇಕು.

ಗಂಟಲು ನೋವಿಗೆ ಅಂತ ಕೊಟ್ಟ ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಕೆಲವೇ ದಿನಗಳಲ್ಲಿ ಕಾರ್ಬಮಜೆಪಿನ್ ಮಟ್ಟವನ್ನು ವಿಷದ ಹಂತಕ್ಕೆ ಏರಿಸಬಲ್ಲದು. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರೇ ಆಗಲಿ, ಫಿಟ್ಸ್ ಮಾತ್ರೆಯ ಹೆಸರು ಮೊದಲು ಹೇಳಿ.

ಆಕ್ಸ್‌ಕಾರ್ಬಜೆಪಿನ್‌ಗೆ ಇಂಥ ಜಗಳ ಕಡಿಮೆ. ಆದರೆ ರಕ್ತದ ಸೋಡಿಯಂ ಇಳಿಸುವುದರಲ್ಲಿ ಇದು ಕಾರ್ಬಮಜೆಪಿನ್‌ಗಿಂತ ಮುಂದು. ವಯಸ್ಸಾದವರು ಬಿಪಿಗೆ ನೀರಿಳಿಸುವ ಮಾತ್ರೆಯನ್ನೂ ತಗೊಳ್ಳುತ್ತಿದ್ದರೆ ಸೋಡಿಯಂ ತುಂಬಾ ಕೆಳಗೆ ಹೋಗಬಹುದು. ಆಗ ಸುಸ್ತು, ತಲೆನೋವು, ಗೊಂದಲ, ಕೊನೆಗೆ ಫಿಟ್ಸ್. "ವಯಸ್ಸಾಯ್ತು, ಮರೆವು ಬಂತು" ಅಂತ ಕೈಚೆಲ್ಲುವ ಮೊದಲು ಒಂದು ಸೋಡಿಯಂ ಪರೀಕ್ಷೆ ಮಾಡಿಸಿ. ಲ್ಯಾಕೋಸಮೈಡ್‌ನಲ್ಲಿ ಸೋಡಿಯಂ ಇಳಿಯುವ ಕಾಟ ಅಷ್ಟಾಗಿ ಇಲ್ಲ, ಆದರೆ ಹೃದಯದಲ್ಲಿ ಬಡಿತದ ಸಂಕೇತ ಸಾಗುವುದು ನಿಧಾನ ಇದ್ದವರಿಗೆ ಇಸಿಜಿ ನೋಡದೆ ಕೊಡುವಂತಿಲ್ಲ.

ಲೆವೆಟಿರಾಸೆಟಮ್ ಅಥವಾ ಲಮೋಟ್ರಿಜಿನ್?

ಈಗ ಹೊಸದಾಗಿ ಫಿಟ್ಸ್ ಕಂಡವರ ಮುಂದೆ ಹೆಚ್ಚಾಗಿ ಬರುವ ಆಯ್ಕೆ ಇದೇ. ಎರಡೂ ಹಳೆಯವುಗಳಿಗಿಂತ ಹಗುರ. ಇಬ್ಬರ ಸ್ವಭಾವ ಮಾತ್ರ ಪೂರ್ತಿ ಬೇರೆ.

ಲೆವೆಟಿರಾಸೆಟಮ್‌ನ ದೊಡ್ಡ ಅನುಕೂಲ ವೇಗ. ಇವತ್ತು ಶುರುಮಾಡಿದರೆ ಕೆಲವೇ ದಿನದಲ್ಲಿ ಕೆಲಸದ ಡೋಸ್ ತಲುಪಬಹುದು. ಬೇರೆ ಔಷಧಗಳ ಜೊತೆ ಜಗಳ ಇಲ್ಲವೆಂದೇ ಹೇಳಬೇಕು. ಅದಕ್ಕೇ ಎಲ್ಲ ಕಡೆ ಇದನ್ನೇ ಬರೆಯುತ್ತಾರೆ. ಆದರೆ ಇದು ಮನಸ್ಸಿನ ಮೇಲೆ ಬೀಳುತ್ತದೆ. ಔಷಧ ಮಂಜೂರಾಗುವ ಮೊದಲಿನ ಪ್ರಯೋಗಗಳಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು 13 ಜನಕ್ಕೆ ಸಿಟ್ಟು, ಚಡಪಡಿಕೆ, ಆತಂಕದಂಥ ತೊಂದರೆ ಕಂಡಿತು. ಔಷಧವೇ ಇಲ್ಲದ ಬರೀ ಹುಸಿ ಮಾತ್ರೆ ತಗೊಂಡವರಲ್ಲಿ ಅದು ಸುಮಾರು 6. ಮಕ್ಕಳಲ್ಲಿ 38ರ ಹತ್ತಿರ, ಹುಸಿ ಮಾತ್ರೆಯಲ್ಲಿ 19ರ ಹತ್ತಿರ. ಮಕ್ಕಳ ಆ ಸಂಖ್ಯೆಯನ್ನು ಇನ್ನೊಮ್ಮೆ ಓದಿ.

ಈ ಸಿಟ್ಟು ಹೇಗಿರುತ್ತದೆ ಅಂದರೆ, ಬಾಗಿಲು ಸ್ವಲ್ಪ ಜೋರಾಗಿ ಹಾಕಿದ್ದಕ್ಕೆ ಮನೆಯೆಲ್ಲ ಕೂಗಾಟ. ಹತ್ತು ನಿಮಿಷದ ಮೇಲೆ "ನಾನ್ಯಾಕೆ ಹೀಗಾಡಿದೆ?" ಅಂತ ಅಳು. ಆ ಮನುಷ್ಯ ಕೆಟ್ಟವನಾಗಿಲ್ಲ. ತಡೆದುಕೊಳ್ಳುವ ಶಕ್ತಿಯನ್ನು ಮಾತ್ರೆ ಕಿತ್ತುಕೊಂಡಿದೆ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ, ಮಗುವನ್ನು ಶಾಲೆಯಿಂದ ವಾಪಸ್ ಕಳಿಸಿರುತ್ತಾರೆ, ಯಾರಿಗೂ ಮಾತ್ರೆಯ ನೆನಪೇ ಬಂದಿರುವುದಿಲ್ಲ. ಇದು ನನ್ನನ್ನು ತುಂಬಾ ಕಾಡುವ ವಿಷಯ. ಮಾತ್ರೆ ಬರೆದುಕೊಡುವಾಗ ಎರಡು ವಾಕ್ಯದಲ್ಲಿ ಮನೆಯವರಿಗೆ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಇದೇ ಮೂಲದ ಬ್ರಿವರಾಸೆಟಮ್‌ಗೆ ಬದಲಾಯಿಸಿದಾಗ ಈ ಸಿಟ್ಟು ಹಲವರಲ್ಲಿ ಇಳಿಯುತ್ತದೆ. ಬಿ6 ವಿಟಮಿನ್ ಕೊಟ್ಟು ನೋಡುವ ರೂಢಿಯೂ ಇದೆ, ಅದಕ್ಕೆ ಆಧಾರ ತೆಳು. ಅದನ್ನು ನಂಬಿಕೊಂಡು ತಿಂಗಳುಗಟ್ಟಲೆ ಕಾಯಬೇಡಿ.

ಲಮೋಟ್ರಿಜಿನ್ ಮನಸ್ಸಿಗೆ ಹಿತ. ಖಿನ್ನತೆ ಇದ್ದವರಿಗೆ ಇದೇ ಸರಿ ಅನ್ನಿಸುತ್ತದೆ, ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆ ನಡುವೆ ತೂಗುವ ಬೈಪೋಲಾರ್ ಕಾಯಿಲೆಯಲ್ಲೂ ಇದನ್ನು ಬಳಸುತ್ತಾರೆ. ಓದು, ನೆನಪು, ಮಾತು ಇವುಗಳಿಗೆ ಪೆಟ್ಟು ಕಡಿಮೆ. ಕೆಲವರಿಗೆ ನಿದ್ದೆ ಬರುವುದಿಲ್ಲ, ತಲೆನೋವು, ಸ್ವಲ್ಪ ನಡುಕ ಬರಬಹುದು. ಇದರ ಅಡ್ಡಿ ನಿಧಾನ. ಬೇಗ ಏರಿಸಿದರೆ ಚರ್ಮದ ಮೇಲೆ ಅಪಾಯದ ದದ್ದು ಬರುತ್ತದೆ. ಒಂಟಿಯಾಗಿ ಕೊಡುವಾಗ ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರು, ಎರಡು ವಾರದ ಮೇಲೆ 50. ಕೆಲಸದ ಡೋಸ್ ಮುಟ್ಟಲು ಒಂದೂವರೆ ತಿಂಗಳಾದರೂ ಬೇಕು. ಅಷ್ಟರಲ್ಲಿ ಫಿಟ್ಸ್ ಬಂದರೆ ಅನ್ನುವ ಭಯ ಸಹಜ. ಫಿಟ್ಸ್ ವಾರವಾರ ಬರುತ್ತಿದ್ದರೆ ಲೆವೆಟಿರಾಸೆಟಮ್ ಮೊದಲು, ಅದು ಮನಸ್ಸಿಗೆ ಒಗ್ಗದಿದ್ದರೆ ಲಮೋಟ್ರಿಜಿನ್ ಕಡೆಗೆ ದಾಟುವುದು ಅನ್ನುವ ದಾರಿಯೂ ಇದೆ.

2021ರಲ್ಲಿ ಪ್ರಕಟವಾದ ಸನಾಡ್ 2 ಅನ್ನುವ ಬ್ರಿಟಿಷ್ ಪ್ರಯೋಗ ಒಂದು ಭಾಗದಿಂದ ಶುರುವಾಗುವ ಫಿಟ್ಸ್‌ನಲ್ಲಿ ಲಮೋಟ್ರಿಜಿನ್, ಲೆವೆಟಿರಾಸೆಟಮ್, ಜೋನಿಸಮೈಡ್ ಮೂರನ್ನೂ ಹೋಲಿಸಿತು. ಮೊದಲ ಆಯ್ಕೆ ಲಮೋಟ್ರಿಜಿನ್ ಆಗಲಿ ಅನ್ನುವುದು ಅದರ ತೀರ್ಮಾನ. ಒಗ್ಗದೆ ಬಿಟ್ಟವರು ಲಮೋಟ್ರಿಜಿನ್ ಗುಂಪಿನಲ್ಲಿ ಕಡಿಮೆ. ಸಮಯ ಇದ್ದರೆ ನನ್ನ ಒಲವೂ ಅದರ ಕಡೆಗೇ.

ಆತ್ಮಹತ್ಯೆಯ ಯೋಚನೆ ಬಗ್ಗೆ ಒಂದು ಮಾತು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 11 ಫಿಟ್ಸ್ ಔಷಧಗಳ 199 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಔಷಧ ತಗೊಂಡವರಲ್ಲಿ ಇಂಥ ಯೋಚನೆ ಅಥವಾ ನಡೆ ಶೇ. 0.43, ಹುಸಿ ಮಾತ್ರೆಯವರಲ್ಲಿ ಶೇ. 0.24. ಸಂಖ್ಯೆ ಚಿಕ್ಕದು, ಆದರೆ ಇದೆ. ಯಾವ ಮಾತ್ರೆಯೇ ಆಗಲಿ, ಮೊದಲ ತಿಂಗಳುಗಳಲ್ಲಿ "ಮನಸ್ಸು ಹೇಗಿದೆ?" ಅಂತ ಮನೆಯವರು ನೇರವಾಗಿ ಕೇಳಬೇಕು. ಪೆರಂಪನೆಲ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಹುಷಾರು, ಅದಕ್ಕೆ ಆಕ್ರಮಣಶೀಲತೆ ಬಗ್ಗೆ ವಿಶೇಷ ಎಚ್ಚರಿಕೆಯೇ ಇದೆ.

ಟೋಪಿರಮೇಟ್: ಮಾತು ತಡವರಿಸುವ ಮಾತ್ರೆ

ಕೈಯಲ್ಲಿ ಬೀಗದ ಕೈ ಹಿಡಿದಿರುತ್ತಾರೆ, "ಆ... ಅದು... ಬಾಗಿಲು ತೆಗೆಯೋದು" ಅನ್ನುತ್ತಾರೆ. ಹೆಸರು ಬಾಯಿಗೆ ಬರುವುದಿಲ್ಲ. ಟೋಪಿರಮೇಟ್ ತಗೊಳ್ಳುವವರಲ್ಲಿ ಇದು ತೀರಾ ಪರಿಚಿತ ಚಿತ್ರ. ಜೊತೆಗೆ ಬಾಯಿಲೆಕ್ಕ ನಿಧಾನ, ಓದಿದ ಸಾಲನ್ನೇ ಮತ್ತೆ ಓದುವುದು. ಪಾಠ ಮಾಡುವವರು, ವಕೀಲರು, ಪರೀಕ್ಷೆಗೆ ಓದುವ ಮಕ್ಕಳು, ಇವರಿಗೆ ಇದನ್ನು ಕೊಡುವ ಮೊದಲು ಎರಡು ಸಲ ಯೋಚಿಸಬೇಕು. ವಾರಕ್ಕೆ 25 ಮಿಲಿಗ್ರಾಂನಂತೆ ನಿಧಾನ ಏರಿಸಿದರೆ, ಕಡಿಮೆ ಡೋಸಿನಲ್ಲೇ ನಿಲ್ಲಿಸಿದರೆ ಈ ಕಾಟ ತಗ್ಗುತ್ತದೆ. ಮಾತ್ರೆ ಬಿಟ್ಟರೆ ಮಾತು ಮರಳುತ್ತದೆ, ಅದೊಂದು ಸಮಾಧಾನ.

ಬೆರಳ ತುದಿ, ತುಟಿ ಸುತ್ತ ಜುಮುಜುಮು ಅನ್ನುವುದು ಸಾಮಾನ್ಯ, ಅದು ನರ ಹಾಳಾದ ಗುರುತಲ್ಲ. ಆದರೆ ಮೊದಲ ತಿಂಗಳಲ್ಲಿ ಏಕಾಏಕಿ ಕಣ್ಣು ನೋವು ಬಂದು ನೋಟ ಮಂಜಾದರೆ ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಕಣ್ಣೊಳಗಿನ ಒತ್ತಡ ಏರಿರಬಹುದು. ಮೈಗ್ರೇನ್ ಇರುವವರಿಗೆ, ತೂಕ ಹೆಚ್ಚಿರುವವರಿಗೆ ಇದು ಒಂದೇ ಏಟಿಗೆ ಎರಡು ಕೆಲಸ ಮಾಡುತ್ತದೆ ಅನ್ನುವುದೂ ನಿಜ. ಜೋನಿಸಮೈಡ್ ಸುಮಾರು ಇದೇ ಗುಣದ್ದು, ಸ್ವಲ್ಪ ಮೆದು.

ವಾಲ್ಪ್ರೊಯೇಟ್: ಬಲಶಾಲಿ, ಆದರೆ ಯಾರಿಗೆ?

ಮೆದುಳಿನ ಎರಡೂ ಬದಿಯಲ್ಲಿ ಒಟ್ಟಿಗೆ ಶುರುವಾಗುವ ಫಿಟ್ಸ್‌ಗೆ ಇದಕ್ಕೆ ಸಾಟಿ ಇನ್ನೂ ಸಿಕ್ಕಿಲ್ಲ. ಸನಾಡ್ 2 ಪ್ರಯೋಗದಲ್ಲೂ ಇದು ಲೆವೆಟಿರಾಸೆಟಮ್‌ಗಿಂತ ಮುಂದೇ ಇತ್ತು.

ಕೈ ನಡುಕ ಇದರ ಗುರುತು. ಲೋಟ ಎತ್ತುವಾಗ, ಸಹಿ ಹಾಕುವಾಗ ಕಾಣುತ್ತದೆ. ಡೋಸ್ ಇಳಿಸಿದರೆ ಅಥವಾ ನಿಧಾನ ಬಿಡುಗಡೆಯ ಬಗೆಗೆ ಹೋದರೆ ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ, ವರ್ಷಗಳ ಬಳಕೆಯ ಮೇಲೆ, ಪಾರ್ಕಿನ್ಸನ್ ಕಾಯಿಲೆಯ ಹಾಗೆ ನಡಿಗೆ ನಿಧಾನವಾಗಿ, ಮರೆವೂ ಸೇರಿಕೊಳ್ಳಬಹುದು. ಮಾತ್ರೆ ನಿಲ್ಲಿಸಿದ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇದು ಇಳಿಯುತ್ತದೆ. ಹಾಗಾಗಿ ವಾಲ್ಪ್ರೊಯೇಟ್ ತಗೊಳ್ಳುವ ಹಿರಿಯರಿಗೆ ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಅಂತ ಹಣೆಪಟ್ಟಿ ಹಚ್ಚುವ ಮೊದಲು ಈ ಪ್ರಶ್ನೆ ಕೇಳಲೇಬೇಕು.

ಇನ್ನೊಂದು ತೊಂದರೆ ಅಮೋನಿಯಾದ್ದು. ಯಕೃತ್ತಿನ ಪರೀಕ್ಷೆಯೆಲ್ಲ ಸರಿಯಾಗಿದ್ದರೂ ರಕ್ತದಲ್ಲಿ ಅಮೋನಿಯಾ ಏರಿ ರೋಗಿ ಮಂಪರಿಗೆ ಜಾರಬಹುದು. ವಾಂತಿ, ತಡವರಿಕೆ, ಎಬ್ಬಿಸಿದರೂ ಏಳದ ನಿದ್ದೆ. ಟೋಪಿರಮೇಟ್ ಜೊತೆಗಿದ್ದರೆ ಈ ಅಪಾಯ ಜಾಸ್ತಿ. "ಮಾಮೂಲಿ ರಿಪೋರ್ಟ್ ಸರಿ ಇದೆಯಲ್ಲ" ಅಂತ ಬಿಡುವಂತಿಲ್ಲ, ಅಮೋನಿಯಾವನ್ನು ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು.

ಎಲ್ಲಕ್ಕಿಂತ ದೊಡ್ಡದು ಗರ್ಭದಲ್ಲಿರುವ ಮಗುವಿನ ಮೆದುಳು. ಬಸುರಿಯಲ್ಲಿ ಬೇರೆ ಬೇರೆ ಫಿಟ್ಸ್ ಮಾತ್ರೆ ತಗೊಂಡ ತಾಯಂದಿರ ಮಕ್ಕಳನ್ನು 6 ವರ್ಷದವರೆಗೆ ಗಮನಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸರಾಸರಿ ಐಕ್ಯೂ (ಬುದ್ಧಿಮಟ್ಟದ ಅಂಕ) ವಾಲ್ಪ್ರೊಯೇಟ್ ಗುಂಪಿನಲ್ಲಿ 97, ಕಾರ್ಬಮಜೆಪಿನ್‌ನಲ್ಲಿ 105, ಲಮೋಟ್ರಿಜಿನ್ ಮತ್ತು ಫೆನಿಟಾಯಿನ್‌ನಲ್ಲಿ 108. ಡೋಸ್ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಹುಟ್ಟಿನ ಅಂಗದೋಷ, ಬೆನ್ನುಹುರಿ ಮುಚ್ಚದಿರುವುದು, ಆಟಿಸಂ ಇವುಗಳ ಅಪಾಯವೂ ಸೇರುತ್ತದೆ. ಹಾಗಾಗಿ ಮಗು ಆಗಬಹುದಾದ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ದಾರಿ ಇರುವವರೆಗೆ ಇದು ಬೇಡ. ಇಲ್ಲಿ ನಾನು ಮೆತ್ತಗೆ ಹೇಳಲಾರೆ. ಹದಿನಾಲ್ಕು ವರ್ಷದ ಹುಡುಗಿಗೆ ಮಾತ್ರೆ ಶುರುಮಾಡುವಾಗ ಇಪ್ಪತ್ತೈದರ ಮಾತನ್ನೂ ಅವತ್ತೇ ಆಡಬೇಕು, ಹುಡುಗಿಯ ಎದುರಲ್ಲೇ. ಆದರೆ ಈಗಾಗಲೇ ಬಸುರಿ ಆಗಿದ್ದು ಈ ಮಾತ್ರೆ ತಗೊಳ್ಳುತ್ತಿದ್ದರೆ, ಹೆದರಿ ನಿಲ್ಲಿಸಬೇಡಿ. ತಾಯಿಗೆ ಬರುವ ದೊಡ್ಡ ಫಿಟ್ಸ್ ಮಗುವಿಗೂ ಅಪಾಯ. ತಡಮಾಡದೆ ಡಾಕ್ಟರನ್ನು ಕಾಣಿ.

ಹಳಬರು: ಫಿನೋಬಾರ್ಬಿಟಾಲ್, ಕ್ಲೋಬಜಮ್, ಕ್ಲೋನಜೆಪಮ್

ಫಿನೋಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿದೆ. ಅಗ್ಗ, ದಿನಕ್ಕೊಂದೇ ಸಲ. ಆದರೆ ದೊಡ್ಡವರನ್ನು ಮಂಕಾಗಿಸುತ್ತದೆ. ಮಕ್ಕಳಲ್ಲಿ ಉಲ್ಟಾ, ಒಂದು ಕಡೆ ಕೂರದ ಚಡಪಡಿಕೆ. ಜ್ವರದ ಫಿಟ್ಸ್ ಬಂದ ಪುಟ್ಟ ಮಕ್ಕಳಿಗೆ ಇದನ್ನು ಕೊಟ್ಟು ನೋಡಿದ 1990ರ ಅಧ್ಯಯನದಲ್ಲಿ, ಎರಡು ವರ್ಷದ ಮೇಲೆ ಐಕ್ಯೂ ಹುಸಿ ಮಾತ್ರೆಯ ಮಕ್ಕಳಿಗಿಂತ ಸರಾಸರಿ 8 ಅಂಕದಷ್ಟು ಕಡಿಮೆ ಇತ್ತು. ಬೇರೆ ಔಷಧ ಸಿಗದ, ಕೊಳ್ಳಲಾಗದ ಕಡೆ ಇದು ಈಗಲೂ ಪ್ರಾಣ ಉಳಿಸುತ್ತಿದೆ, ಅದನ್ನು ಮರೆಯಬಾರದು. ಫಿಟ್ಸ್ ಹಾಗೇ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಬೇರೆ ಸಿಗುವ ಕಡೆ ಮಗುವಿಗೆ ಇದನ್ನೇ ಮುಂದುವರಿಸಲು ಕಾರಣ ಕೇಳಿ.

ಕ್ಲೋಬಜಮ್, ಕ್ಲೋನಜೆಪಮ್ ತೂಕಡಿಕೆ ತರುತ್ತವೆ, ಮಕ್ಕಳಲ್ಲಿ ಜೊಲ್ಲು ಸುರಿಸುತ್ತವೆ. ತಿಂಗಳುಗಳಲ್ಲಿ ಮೈ ಒಗ್ಗಿಹೋಗಿ ಪರಿಣಾಮ ಕುಂದಬಹುದು. ಇವನ್ನೂ ಫಿನೋಬಾರ್ಬಿಟಾಲನ್ನೂ ಬಿಡಿಸುವಾಗ ಬೇರೆಲ್ಲ ಮಾತ್ರೆಗಿಂತ ನಿಧಾನ ಬೇಕು, ಸಾಮಾನ್ಯವಾಗಿ ತಿಂಗಳುಗಳು.

ವಿಗಾಬಾಟ್ರಿನ್ ಬೇರೆಯೇ ಕಥೆ. ಕಣ್ಣಿನ ಹಿಂಪರದೆಗೆ ಪೆಟ್ಟು ಬಿದ್ದು ಅಂಚಿನ ನೋಟ ಶಾಶ್ವತವಾಗಿ ಹೋಗಬಹುದು. ನಡುವಿನ ನೋಟ ಚೆನ್ನಾಗಿಯೇ ಇರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿರುತ್ತದೆ ಅಷ್ಟೇ. ಇಷ್ಟಿದ್ದೂ ಹಸುಗೂಸುಗಳ ಒಂದು ಕೆಟ್ಟ ಬಗೆಯ ಫಿಟ್ಸ್‌ಗೆ, ಅದರಲ್ಲೂ ಟ್ಯೂಬರಸ್ ಸ್ಕ್ಲೆರೋಸಿಸ್ (ಮೆದುಳು ಮತ್ತಿತರ ಅಂಗಗಳಲ್ಲಿ ಗಂಟು ಬೆಳೆಸುವ ಹುಟ್ಟು ಕಾಯಿಲೆ) ಇದ್ದಾಗ, ಇದೇ ಮೊದಲ ಆಯ್ಕೆ. ಅಲ್ಲಿ ಔಷಧ ಕೊಡದಿದ್ದರೆ ಹೋಗುವುದು ಮಗುವಿನ ಬುದ್ಧಿಯ ಬೆಳವಣಿಗೆ.

ಒಂದಕ್ಕಿಂತ ಹೆಚ್ಚು ಮಾತ್ರೆ ಇದ್ದಾಗ

ಹೊಸದಾಗಿ ಕಾಯಿಲೆ ಕಂಡವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮೊದಲ ಮಾತ್ರೆಯಲ್ಲೇ ಫಿಟ್ಸ್ ನಿಲ್ಲುತ್ತದೆ, ಅದೂ ಎಷ್ಟೋ ಸಲ ಸಾಧಾರಣ ಡೋಸಿನಲ್ಲೇ. ನರಮಂಡಲದ ತೊಂದರೆ ಹೆಚ್ಚಾಗಿ ಕಾಣುವುದು ಎರಡು, ಮೂರು, ನಾಲ್ಕು ಮಾತ್ರೆ ಪೇರಿಸಿಕೊಂಡವರಲ್ಲಿ. ಕಾರ್ಬಮಜೆಪಿನ್ ಜೊತೆ ಲಮೋಟ್ರಿಜಿನ್ ಅಥವಾ ಲ್ಯಾಕೋಸಮೈಡ್ ಸೇರಿದರೆ ಎರಡರ ಮಟ್ಟವೂ ಸರಿಯಾಗಿದ್ದೇ ತಲೆಸುತ್ತು, ಎರಡು ಕಾಣುವುದು ಬರಬಹುದು. ಎರಡೂ ಒಂದೇ ಸೋಡಿಯಂ ದ್ವಾರವನ್ನು ಹಿಡಿಯುತ್ತವಲ್ಲ. ವಾಲ್ಪ್ರೊಯೇಟ್ ಜೊತೆಗಿದ್ದರೆ ಲಮೋಟ್ರಿಜಿನ್ ಮಟ್ಟ ಎರಡು ಪಟ್ಟಾಗುತ್ತದೆ, ಅದಕ್ಕೇ ಅಲ್ಲಿ 25 ಮಿಲಿಗ್ರಾಂ ದಿನ ಬಿಟ್ಟು ದಿನ ಶುರು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಉಲ್ಟಾ, ಲಮೋಟ್ರಿಜಿನ್ ಮಟ್ಟವನ್ನು ಅರ್ಧಕ್ಕೆ ಇಳಿಸಬಲ್ಲದು. ಆ ಮಾತ್ರೆ ನಿಲ್ಲಿಸಿದಾಗ ಮಟ್ಟ ಏರಿ ತಲೆ ತಿರುಗುತ್ತದೆ.

ಹೊಸ ಮಾತ್ರೆ ಸೇರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: "ಇದು ಕೆಲಸ ಮಾಡಿದರೆ ಹಳೆಯದನ್ನು ಯಾವಾಗ ಕಡಿಮೆ ಮಾಡೋಣ?" ಈ ಪ್ರಶ್ನೆ ಯಾರೂ ಕೇಳದ ಕಾರಣಕ್ಕೇ ಎಷ್ಟೋ ಜನ ಹತ್ತು ವರ್ಷದ ಹಳೆಯ ಮಾತ್ರೆಯನ್ನು ಸುಮ್ನೆ ಹೊತ್ತುಕೊಂಡು ತಿರುಗುತ್ತಾರೆ.

ಯಾರಿಗೆ ಯಾವ ಕಡೆ ಒಲವು

ಅರವತ್ತು ದಾಟಿದವರಿಗೆ ಬೀಳುವ ಭಯ ಮುಖ್ಯ. ಲಮೋಟ್ರಿಜಿನ್ ಇಲ್ಲಿ ಚೆನ್ನಾಗಿ ಒಗ್ಗುತ್ತದೆ, ಲೆವೆಟಿರಾಸೆಟಮ್ ಕೂಡ ಚಿಕ್ಕ ಡೋಸಿನಲ್ಲಿ ಸರಿ. ಕಿಡ್ನಿ ಸರಿಯಿಲ್ಲದವರಿಗೆ ಲೆವೆಟಿರಾಸೆಟಮ್, ಗಾಬಾಪೆಂಟಿನ್, ಪ್ರಿಗಾಬಲಿನ್ ಡೋಸ್ ಇಳಿಸಲೇಬೇಕು. ಇಳಿಸದಿದ್ದರೆ ಮಂಪರು, ಕೈಕಾಲು ಎಗರುವುದು ಶುರುವಾಗುತ್ತದೆ. ಖಿನ್ನತೆ ಅಥವಾ ಮುಂಗೋಪ ಮೊದಲೇ ಇದ್ದವರಿಗೆ ಲೆವೆಟಿರಾಸೆಟಮ್, ಪೆರಂಪನೆಲ್ ಬೇಡ ಅನ್ನಿಸುತ್ತದೆ. ಓದುವ ಮಕ್ಕಳಿಗೆ ಟೋಪಿರಮೇಟ್, ಫಿನೋಬಾರ್ಬಿಟಾಲ್ ಕೊನೆಯ ಸಾಲಿನಲ್ಲಿರಲಿ. ಮಗು ಬೇಕು ಅನ್ನುವ ಹೆಣ್ಣುಮಕ್ಕಳಿಗೆ ಲಮೋಟ್ರಿಜಿನ್ ಅಥವಾ ಲೆವೆಟಿರಾಸೆಟಮ್, ಬಸುರಿಯಲ್ಲಿ ಇವುಗಳ ಮಟ್ಟ ಇಳಿಯುವುದರಿಂದ ರಕ್ತ ಪರೀಕ್ಷೆಯ ಜೊತೆಗೆ.

ಮಾತ್ರೆ ಶುರುವಾಗುವ ಮುಂಚಿನ ಸ್ಥಿತಿಯನ್ನು ದಾಖಲಿಸಿಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಕೈಬರಹ, ಹತ್ತು ಹೆಜ್ಜೆ ನಡೆದ ವಿಡಿಯೋ, ನಿದ್ದೆಯ ಹೊತ್ತು, ಸಿಟ್ಟಿನ ಬಗ್ಗೆ ಮನೆಯವರ ಒಂದು ಮಾತು. ತಿಂಗಳ ಮೇಲೆ, ಡೋಸ್ ಬದಲಾದಾಗ ಮತ್ತೆ ಅಷ್ಟೇ ಮಾಡಿ. ಪಕ್ಕಪಕ್ಕ ಇಟ್ಟರೆ ನಡುಕ, ತೂರಾಟ ತಾನಾಗಿ ಕಾಣುತ್ತದೆ.

ಕೆಲವಕ್ಕೆ ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ. ಜ್ವರದ ಜೊತೆ ದದ್ದು ಅಥವಾ ಬಾಯಿ, ಕಣ್ಣಲ್ಲಿ ಹುಣ್ಣು. ವಾಲ್ಪ್ರೊಯೇಟ್ ತಗೊಳ್ಳುವವರಲ್ಲಿ ವಾಂತಿ ಮತ್ತು ಮಂಪರು. ನಿಲ್ಲಲೂ ಆಗದ ತೂರಾಟ. ಟೋಪಿರಮೇಟ್‌ನಲ್ಲಿ ಕಣ್ಣು ನೋವು. ಸಾಯುವ ಮಾತು. ಗಂಟೆಗಟ್ಟಲೆ ಬಿಡದ ಗೊಂದಲ, ಯಾಕೆಂದರೆ ಅದು ಮಾತ್ರೆಯ ಮಂಪರೂ ಇರಬಹುದು, ಮೈ ಅದುರದೆ ಒಳಗೇ ನಡೆಯುತ್ತಿರುವ ಫಿಟ್ಸ್ ಕೂಡ ಇರಬಹುದು, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಮಾಡದೆ ಹೇಳಲಾಗದು. ಐದು ನಿಮಿಷ ದಾಟಿದ ಫಿಟ್ಸ್. ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಿ. ತಗೊಳ್ಳುವ ಎಲ್ಲ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ, ಖಾಲಿಯಾದದ್ದೂ ಸೇರಿ.